ಪದವಿಚಾರ: ಮಕರ

ಮಕರವೆಂದರೆ ಯಾವ ಪ್ರಾಣಿಯೆಂದು ಮಕ್ಕಳು ಕೇಳಿದರೆ ಹಿರಿಯರು ಥಟ್ಟನೆ "ಮೊಸಳೆ" ಎಂದುಬಿಡುವುದುಂಟು. ಉತ್ತರವು ಸುಳ್ಳಲ್ಲ. ಆದರೆ ಅದೇ ಮಗುವನ್ನು ಬೇಲೂರಿನ ದೇವಾಲಯಕ್ಕೆ ಕರೆದೊಯ್ದರೆ, ಉತ್ತರ ಕೊಟ್ಟವರೇ ಪೇಚಿಗೆ ಸಿಕ್ಕುವರು. ಅಲ್ಲಿಯ ಮಕರಕ್ಕೆ ದವಡೆ ಮೊಸಳೆಯದು. ಮೂತಿಯು ಆನೆಯ ಸೊಂಡಿಲಿನಂತೆ ಮಡಿಸಿಕೊಂಡಿರುವುದು. ಬಾಲವಂತೂ ನವಿಲಿನ ಗರಿಯೋ ಬಳ್ಳಿಯ ಸುರುಳಿಯೋ ತಿಳಿಯದು. ಇಂತಹ ಜಂತುವು ಯಾವ ಹೊಳೆಯಲ್ಲಿಯೂ ಇಲ್ಲ.

ಹೊಳೆಯಲ್ಲಿರುವುದು ಬೇರೆ. ಸಂಸ್ಕೃತದ ಮಕರವು ಹಿಂದಿಯಲ್ಲಿ "ಮಗರ್" ಆಗಿ, ಅದನ್ನೇ ಆಂಗ್ಲರು "ಮಗ್ಗರ್" ಎಂದು ಎತ್ತಿಕೊಂಡರು. ರಂಗನತಿಟ್ಟಿನ ಬಂಡೆಗಳ ಮೇಲೆ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆ ಇದೇ ಜಾತಿಯದು.

ಗಂಗೆಗೂ ವರುಣನಿಗೂ ಮಕರವು ವಾಹನ. ಮನ್ಮಥನಿಗೆ ಮಕರಧ್ವಜನೆಂದೂ ಹೆಸರು, ಮೀನಕೇತನನೆಂದೂ ಹೆಸರು. ಹಾಗಾದರೆ ಅವನ ಬಾವುಟದಲ್ಲಿದ್ದುದು ಮೊಸಳೆಯೋ ಮೀನೋ? ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಭಗವಂತನು ಮೀನುಗಳ ನಡುವೆ ತಾನು ಮಕರವೆನ್ನುತ್ತಾನೆ. ಅಲ್ಲಿ ಕೆಲವರು ಮೊಸಳೆಯೆಂದೂ ಕೆಲವರು ಶಾರ್ಕ್ ಮೀನೆಂದೂ ಅನುವಾದಿಸಿದ್ದಾರೆ. ನೀರಿನ ಯಾವುದೋ ಮಹಾಜಂತುವೆಂಬಷ್ಟೇ ಅರ್ಥವಿದ್ದಲ್ಲಿ ಜಾತಿಯನ್ನು ಗೊತ್ತುಮಾಡಹೊರಡುವುದು ಅತಿಯಾಯಿತೆಂದು ನಮಗೆ ತೋರುತ್ತದೆ.

ಇನ್ನು ಆಕಾಶದ ಮಕರ. ಬಾಬಿಲೋನಿಯದವರೂ ಗ್ರೀಕರೂ ಆ ರಾಶಿಯನ್ನು ಮೇಲೆ ಮೇಕೆ, ಕೆಳಗೆ ಮೀನು ಎಂದು ಕಲ್ಪಿಸಿದರು. ಉತ್ತರಾಯಣದ ಜಗಳ ಮನೆಗಳಲ್ಲಿ ಹುಟ್ಟುವುದೂ ಇಲ್ಲಿಯೇ. ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ನಾವು ಎಳ್ಳು ಬೀರುವುದೋ ಜನವರಿ 14 ಅಥವಾ 15ಕ್ಕೆ. ಸುಮಾರು 1700 ವರ್ಷಗಳ ಹಿಂದೆ ಇವೆರಡೂ ಒಂದೇ ಕಾಲಕ್ಕೆ ಬರುತ್ತಿದ್ದುವು. ಭೂಮಿಯ ಅಕ್ಷವು ಬುಗುರಿಯಂತೆ ಮೆಲ್ಲನೆ ತೊನೆಯುವುದರಿಂದ, ಸುಮಾರು 72 ವರ್ಷಕ್ಕೆ ಒಂದು ಅಂಶದಂತೆ ಅಂತರ ಬೆಳೆದಿದೆ. ಪಂಚಾಂಗವು ನಕ್ಷತ್ರಗಳನ್ನು ಹಿಡಿದು ಲೆಕ್ಕ ಹಾಕುವುದು. ಹಗಲು ಬೆಳೆಯಲಾರಂಭಿಸುವುದು ಅಯನವನ್ನು ಹಿಡಿದು. ಹಬ್ಬದ ದಿನವನ್ನು ಅಜ್ಜಿಯೂ, ಅಯನದ ದಿನವನ್ನು ಶಾಲೆಗೆ ಹೋಗುವ ಮೊಮ್ಮಗನೂ ಸರಿಯಾಗಿಯೇ ಹೇಳುತ್ತಿರುತ್ತಾರೆ.

ಗೃಹಿಣಿಯರು ಗಮನಿಸಬೇಕಾದ ಮಕರ ಇನ್ನೊಂದುಂಟು. ಆಯುರ್ವೇದದ ಅಂಗಡಿಗಳಲ್ಲಿ ಮಕರಧ್ವಜವೆಂಬ ಔಷಧ ದೊರೆಯುವುದು. ಹೆಸರು ಮನ್ಮಥನದು, ಮೊಸಳೆಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ತಯಾರಿಸುವುದು ಪಾದರಸ, ಗಂಧಕ, ಚಿನ್ನಗಳಿಂದ. ಪಾದರಸವಿರುವ ಈ ಮದ್ದನ್ನು ಬಲಿಷ್ಠರಾಗಲೆಂದು ಮಕ್ಕಳಿಗೆ ಜೇನಿನಲ್ಲಿ ತೇಯ್ದು ನೆಕ್ಕಿಸುವವರುಂಟು. ವೈದ್ಯರನ್ನು ಕೇಳದೆ ಅದನ್ನು ಮನೆಯಲ್ಲಿ ಯಾರಿಗೂ ಕೊಡಕೂಡದು.