ಜೋನ್ಸ್‌ಟೌನಿನ ಸಾವುಗಳು ಮತ್ತು ನಮ್ಮ ಗುರುಭಕ್ತಿ



‘ಗುರುವಿಗೆ ಎದುರಾಡಬಾರದು’ ಎಂಬ ಮಾತನ್ನು ಬಸವ ಭಕ್ತರೆನಿಸಿಕೊಂಡವರ ಬಾಯಲ್ಲೇ ಈಗ ಹೆಚ್ಚಾಗಿ ಕೇಳುತ್ತಿದ್ದೇವೆ. ಮಠದ ಲೆಕ್ಕ ಕೇಳಿದವನು ದ್ರೋಹಿಯಂತೆ. ಪ್ರಸಾದ ನಿಲಯದ ಮಗುವಿನ ದೂರನ್ನು ಹೊರಗೆ ಹೇಳಿದವನು ಸಮಾಜದ ಮಾನ ಕಳೆದವನಂತೆ. ಈ ಮಾತನ್ನು ಕೊನೆಯವರೆಗೆ ಪಾಲಿಸಿದರೆ ಎಲ್ಲಿ ಹೋಗಿ ನಿಲ್ಲುತ್ತೇವೆ ಎಂಬುದನ್ನು ತಿಳಿಯಬೇಕಾದರೆ ದಕ್ಷಿಣ ಅಮೆರಿಕದ ಗಯಾನಾ ದೇಶದ ಕಾಡಿನಲ್ಲಿ 1978ರ ನವೆಂಬರ್ 18ರಂದು ನಡೆದದ್ದನ್ನು ನೋಡಬೇಕು. ಅಲ್ಲಿಯ ಜೋನ್ಸ್‌ಟೌನ್ ಎಂಬ ವಸತಿಯಲ್ಲಿ ಒಂದೇ ಸಂಜೆ 909 ಜನ ಸತ್ತರು. ಅವರಲ್ಲಿ ಸುಮಾರು 300 ಮಂದಿ ಮಕ್ಕಳು. ಪತ್ರಿಕೆಗಳು ಅದನ್ನು ಸಾಮೂಹಿಕ ಆತ್ಮಹತ್ಯೆ ಎಂದು ಬರೆದವು, ಇಂದಿಗೂ ಹಾಗೆಯೇ ಬರೆಯುತ್ತವೆ. ನಾನು ಅದನ್ನು ಕೊಲೆ ಎನ್ನುತ್ತೇನೆ.

ಆ ವಸತಿಯ ಒಡೆಯ ಜಿಮ್ ಜೋನ್ಸ್ ಎಂಬ ಪಾದ್ರಿ. ಅವನ ಆರಂಭ ನೋಡಿದರೆ ನಮ್ಮವರೂ ಕೈಮುಗಿದಾರು. ಕರಿಯರೂ ಬಿಳಿಯರೂ ಬೇರೆ ಬೇರೆ ಚರ್ಚುಗಳಲ್ಲಿ ಪ್ರಾರ್ಥಿಸುತ್ತಿದ್ದ 1950ರ ದಶಕದ ಅಮೆರಿಕದಲ್ಲಿ, ಇಂಡಿಯಾನಾಪೊಲಿಸ್ ನಗರದಲ್ಲಿ, ಅವನು ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ. ಬಡವರಿಗೆ ಉಚಿತ ಊಟ ಹಾಕಿಸಿದ, ಮುದುಕರಿಗೆ ಆಶ್ರಯ ಕೊಟ್ಟ, ಬೇರೆ ಜನಾಂಗದ ಮಕ್ಕಳನ್ನು ದತ್ತು ಪಡೆದು ಮನೆಯಲ್ಲಿ ಸಾಕಿದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಪಂಕ್ತಿಭೇದ ಅಳಿಸಿದ, ದಾಸೋಹ ನಡೆಸಿದ. ‘ಪೀಪಲ್ಸ್ ಟೆಂಪಲ್’ ಎಂಬ ಅವನ ಸಂಸ್ಥೆಗೆ ಸೇರಿದವರು ಮೂಢರಲ್ಲ. ಸಮಾನತೆಗಾಗಿ ಹಂಬಲಿಸಿದವರು. ಮುಂದೆ ಕ್ಯಾಲಿಫೋರ್ನಿಯಾಕ್ಕೆ ಹೋದಾಗ ರಾಜಕಾರಣಿಗಳು ಅವನ ಬಾಗಿಲಿಗೆ ಬಂದರು, ಸ್ಯಾನ್ ಫ್ರಾನ್ಸಿಸ್ಕೋ ನಗರದ ವಸತಿ ಪ್ರಾಧಿಕಾರದಲ್ಲಿ ಸ್ಥಾನವನ್ನೂ ಕೊಟ್ಟರು. (ಗುರುಗಳ ವೇದಿಕೆ ಹತ್ತಲು ಮಂತ್ರಿಗಳು ನೂಕಾಡುವುದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ.)

ಉಂಡವರ ಕೃತಜ್ಞತೆಯನ್ನು ಅವನು ಸಾಲವನ್ನಾಗಿ ಮಾಡಿಕೊಂಡ. ಭಕ್ತರು ಅವನನ್ನು ‘ಅಪ್ಪ’ ಎಂದು ಕರೆದರು. ಅಪ್ಪನಿಗೆ ಮನೆ ಬರೆದುಕೊಟ್ಟರು, ಸಂಬಳ ಒಪ್ಪಿಸಿದರು. ಕೋಳಿಯ ಒಳಾಂಗ ತೋರಿಸಿ ಕ್ಯಾನ್ಸರ್ ಗಡ್ಡೆ ತೆಗೆದೆನೆಂದ. ಕಣ್ಣಾರೆ ಕಂಡವರೂ ಸುಮ್ಮನಾದರು. ತಪ್ಪು ಮಾಡಿದವರನ್ನು ಸಭೆಯಲ್ಲಿ ನಿಲ್ಲಿಸಿ ಎಲ್ಲರೆದುರು ಹೊಡೆಸಿದ. ಮಾಡದ ತಪ್ಪಿಗೂ ತಪ್ಪೊಪ್ಪಿಗೆ ಬರೆಸಿ ಸಹಿ ಹಾಕಿಸಿಕೊಂಡು ಇಟ್ಟುಕೊಂಡ, ನಾಳೆ ಬಿಟ್ಟುಹೋದರೆ ಹೆದರಿಸಲು. 1977ರಲ್ಲಿ ಒಂದು ಪತ್ರಿಕೆ ಇದನ್ನೆಲ್ಲ ಬಯಲಿಗೆಳೆದಾಗ ಜನರನ್ನು ಕಟ್ಟಿಕೊಂಡು ಗಯಾನಾದ ಕಾಡು ಸೇರಿದ. ಅಲ್ಲಿ ಎಲ್ಲರ ಪಾಸ್‌ಪೋರ್ಟ್ ಕಿತ್ತಿಟ್ಟ. ಬರುವ ಹೋಗುವ ಕಾಗದಗಳನ್ನು ಅವನ ಜನ ಒಡೆದು ಓದಿದರು. ಮುದುಕರ ಪಿಂಚಣಿ ಸಂಸ್ಥೆಯ ಖಾತೆಗೆ ಹೋಯಿತು. ಧ್ವನಿವರ್ಧಕದಲ್ಲಿ ಹೊತ್ತುಗೊತ್ತಿಲ್ಲದೆ ಅವನದೇ ಉಪದೇಶ. ಹೋಗುತ್ತೇನೆಂದವರಿಗೆ ಔಷಧಿ ಕೊಟ್ಟು ಮಂಕು ಮಾಡಿ ಮಲಗಿಸಿದರು. ನಡುರಾತ್ರಿ ಎಲ್ಲರನ್ನೂ ಎಬ್ಬಿಸಿ ಪಾನಕ ಕುಡಿಸಿ, ಇದು ವಿಷ ಎಂದು ಹೇಳಿ, ಆಮೇಲೆ ಬರೀ ಪರೀಕ್ಷೆ ಎಂದದ್ದೂ ಉಂಟು. ಸುತ್ತ ಕಾಡು, ಅಂಚಿನಲ್ಲಿ ಬಂದೂಕು ಹಿಡಿದ ಕಾವಲು.

ಬಂಧುಗಳ ದೂರು ಕೇಳಿ ಅಮೆರಿಕದ ಸಂಸದ ಲಿಯೋ ರಯಾನ್ ವಿಚಾರಿಸಲು ಬಂದ. ನಮ್ಮನ್ನು ಕರೆದುಕೊಂಡು ಹೋಗಿ ಎಂದು ಯಾರೋ ಚೀಟಿ ದಾಟಿಸಿದರು. ಹೊರಟವರು ಹದಿನೈದು ಮಂದಿಯಷ್ಟೇ. ಅಷ್ಟನ್ನೂ ಜೋನ್ಸ್ ತಡೆದುಕೊಳ್ಳಲಿಲ್ಲ. ಪೋರ್ಟ್ ಕೈಟುಮಾ ವಿಮಾನ ಪಟ್ಟಿಯಲ್ಲಿ ಅವನ ಜನ ಗುಂಡು ಹಾರಿಸಿ ರಯಾನ್ ಮತ್ತು ಇನ್ನೂ ನಾಲ್ವರನ್ನು ಕೊಂದರು. ಆಮೇಲೆ ಸಯನೈಡ್ ಬೆರೆಸಿದ ಪಾನಕ ಬಂತು. ಮೊದಲು ಮಕ್ಕಳಿಗೆ, ಸಿರಿಂಜಿನಿಂದ ಬಾಯೊಳಗೆ. ಎಳೆಗೂಸು ಆತ್ಮಹತ್ಯೆಗೆ ಒಪ್ಪಿಗೆ ಕೊಟ್ಟಿತೆ? ಹೆಣಗಳನ್ನು ಪರೀಕ್ಷಿಸಿದ ಗಯಾನಾದ ವೈದ್ಯರು ದೊಡ್ಡವರ ಮೈಮೇಲೂ ಸೂಜಿ ಚುಚ್ಚಿದ ಗುರುತು ಕಂಡರು.

ಆ ಸಂಜೆಯ ಧ್ವನಿಮುದ್ರಣ ಉಳಿದಿದೆ. ಅದರಲ್ಲಿ ಕ್ರಿಸ್ಟೀನ್ ಮಿಲ್ಲರ್ ಎಂಬ ಹಿರಿಯ ಹೆಣ್ಣುಮಗಳು ಎದ್ದು ನಿಂತು ಬೇರೆ ದಾರಿಯಿಲ್ಲವೇ, ಈ ಮಕ್ಕಳು ಬದುಕಬಾರದೇ ಎಂದು ಕೇಳುತ್ತಾಳೆ. ಅವಳ ಬಾಯಿ ಮುಚ್ಚಿಸಲು ಜೋನ್ಸ್ ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಸಭೆಯೇ ಅವಳ ಮೇಲೆ ಕೂಗಾಡಿತು. ಅಪ್ಪ ಇಷ್ಟೆಲ್ಲ ಕೊಟ್ಟಿರುವಾಗ ನಿನಗೆ ಹೀಗೆ ಮಾತಾಡಲು ಮನಸ್ಸಾದರೂ ಹೇಗೆ ಬಂತು ಎಂಬ ಧಾಟಿ. ಈ ಧಾಟಿ ನಮ್ಮ ಸಭೆಗಳಲ್ಲಿ ಕೇಳಿಲ್ಲವೆಂದು ಎದೆ ಮುಟ್ಟಿ ಹೇಳುವವರು ಎಷ್ಟು ಜನ?

ಅಮೆರಿಕದ ಹುಚ್ಚರ ಕಥೆಯನ್ನು ನಮ್ಮ ಮಠಗಳಿಗೆ ಅಂಟಿಸುವುದೇ ಎಂದು ಕೆಲವರು ಸಿಟ್ಟಾಗುತ್ತಾರೆ, ಗೊತ್ತು. ನಮ್ಮ ಮಠಗಳು ಜಾತಿ ಕೇಳದೆ ಅನ್ನ ಅಕ್ಷರ ಕೊಟ್ಟವು. ಸಿದ್ಧಗಂಗೆಯಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಅನ್ನ ಹಾಕಿದ್ದಾರೆ, ಆದ್ದರಿಂದ ಕೇಳಬೇಡ ಎಂಬ ವಾದವನ್ನು ಮಾತ್ರ ಒಪ್ಪಲಾರೆ. ದಾಸೋಹ ಎಂದರೆ ದಾಸ ನಾನು ಎಂದು. ಇಲ್ಲಿ ದಾಸನಾಗಬೇಕಾದವನು ನೀಡುವವನು, ಉಣ್ಣುವವನಲ್ಲ. ತುತ್ತಿಗೆ ಬದಲಾಗಿ ಮೌನ ಕೊಂಡುಕೊಂಡರೆ ಅದಕ್ಕೆ ವ್ಯಾಪಾರವೆನ್ನಬೇಕು. ಆಯ್ದಕ್ಕಿ ಲಕ್ಕಮ್ಮನ ಕಥೆ ನಾವೆಲ್ಲ ಬಲ್ಲೆವು. ಬಸವಣ್ಣನವರೇ ಬೇಕೆಂದು ಹೆಚ್ಚಾಗಿ ಚೆಲ್ಲಿಸಿದ ಅಕ್ಕಿಯನ್ನು ಮಾರಯ್ಯ ಆಯ್ದು ತಂದಾಗ, ಇಷ್ಟು ನಮಗೇಕೆ, ಅಲ್ಲೇ ಸುರಿದು ಬಾ ಎಂದವಳು ಆ ತಾಯಿ. ಕಲ್ಯಾಣದಲ್ಲಿ ಅವಳನ್ನು ಯಾರೂ ದ್ರೋಹಿ ಎನ್ನಲಿಲ್ಲ, ಶರಣೆ ಎಂದರು. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಪ್ರಶ್ನೆಗಳಿಂದ ಜಗ್ಗಿದಾಗ ಅವಳು ತಲೆ ತಗ್ಗಿಸಲಿಲ್ಲ, ಉತ್ತರ ಕೊಟ್ಟಳು. ಇಷ್ಟಲಿಂಗವನ್ನು ನಮ್ಮ ಅಂಗೈಗೇ ಕೊಟ್ಟದ್ದು ನಡುವೆ ದಲ್ಲಾಳಿ ನಿಲ್ಲಬಾರದೆಂದು. ಅದೇ ಅಂಗೈಯಲ್ಲಿ ಇಂದು ಅಡ್ಡಪಲ್ಲಕ್ಕಿಯ ದಂಡಿಗೆ ಹಿಡಿದಿದ್ದೇವೆ!

ದೂರು ಬಂದಾಗ ‘ಒಳಗೇ ಬಗೆಹರಿಸೋಣ’ ಎನ್ನುವ ಹಿರಿಯರಿಗೆ ಒಂದು ಮಾತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಅದರಲ್ಲಿ ಕಾವಿಗೆ ವಿನಾಯಿತಿಯಿಲ್ಲ. ಹಾಗೆಯೇ ಪ್ರಸಾದ ನಿಲಯದ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಎಂದು ದೊಡ್ಡ ಅಕ್ಷರದಲ್ಲಿ ಬರೆಸಲು ಯಾರ ಅಪ್ಪಣೆಯೂ ಬೇಡ. ಮಗು ತಾಯಿಗೆ ಫೋನ್ ಮಾಡುವಾಗ ವಾರ್ಡನ್ ಪಕ್ಕದಲ್ಲಿ ನಿಂತಿರಬಾರದು. ತಿಂಗಳಿಗೊಮ್ಮೆ ಮಠದ ಋಣದಲ್ಲಿಲ್ಲದ ಇಬ್ಬರು ತಾಯಂದಿರು ಒಳಗೆ ಹೋಗಿ, ಅಡುಗೆಮನೆಯಿಂದ ಮಲಗುವ ಕೋಣೆಯವರೆಗೆ ನೋಡಿ, ಮಕ್ಕಳೊಂದಿಗೆ ಒಂಟಿಯಾಗಿ ಮಾತಾಡಿ ಬರಬೇಕು. ವರ್ಷದ ಜಮಾಖರ್ಚನ್ನು ಪೀಠದ ಎದುರು ಗಟ್ಟಿಯಾಗಿ ಓದಬೇಕು. ಬರುವ ಬಸವ ಜಯಂತಿಯ ವೇದಿಕೆಯಲ್ಲಿ, ಪೂಜ್ಯರು ಕುಳಿತಿರುವಾಗಲೇ, ಇದನ್ನು ಕೇಳೋಣ. ಕೇಳಿದವರ ಮೇಲೆ ಸಭೆ ಕೂಗಾಡಿದರೆ ಅವರ ಪಕ್ಕದಲ್ಲಿ ಎದ್ದು ನಿಲ್ಲಲು ನಾಲ್ಕು ಜನ ಮೊದಲೇ ಮಾತಾಡಿಕೊಂಡು ಬನ್ನಿ.