ಹಳೇ ನಂಬರ್, ಹೊಸ ನಂಬರ್

ಸೌಕಾರ್‌ಪೇಟೆಯಲ್ಲಿ ವಿಳಾಸ ಹುಡುಕಿದವರಿಗೆ ಗೊತ್ತು. ಒಂದೇ ಬಾಗಿಲಿಗೆ ಹಳೇ ನಂಬರ್ ಒಂದು, ಹೊಸ ನಂಬರ್ ಇನ್ನೊಂದು. ಚೆನ್ನೈ ತುಂಬ ಹೀಗೇ. ಊರಿಂದ ಬಂದ ನಮ್ಮವರು "ಯಾವುದು ಸರಿ?" ಅಂತ ಕೇಳುತ್ತಾರೆ. ಎರಡೂ ಸರಿ, ಯಾವ ನಂಬರನ್ನು ಯಾರ ಹತ್ತಿರ ಹೇಳುತ್ತೀರಿ ಅನ್ನುವುದು ಮುಖ್ಯ.

ವಿಂಡೋಸ್ ಮೇಲೆ ಯೂನಿಕ್ಸ್ ಪ್ರೋಗ್ರಾಂ ಓಡಿಸುವ ಸಿಗ್ವಿನ್‌ನಲ್ಲೂ ಇದೇ ಕಥೆ. 1995ರಲ್ಲಿ ಸಿಗ್ನಸ್ ಕಂಪನಿಯ ಸ್ಟೀವ್ ಚೇಂಬರ್ಲೇನ್ ಶುರುಮಾಡಿದ ಕೆಲಸ ಅದು. ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ, ಅಂದರೆ ಪ್ರೋಸೆಸ್ಸಿಗೂ, ಒಂದು ನಂಬರ್ ಇರುತ್ತದೆ: ಪಿಐಡಿ. ಯೂನಿಕ್ಸ್‌ನಲ್ಲಿ 'ಎಕ್ಸೆಕ್' ಎಂದಾಗ ಪ್ರೋಸೆಸ್ ಒಳಗಿನ ಪ್ರೋಗ್ರಾಂ ಬದಲಾಗುತ್ತದೆ, ನಂಬರ್ ಬದಲಾಗುವುದಿಲ್ಲ. ಬಾಡಿಗೆಯವರು ಬದಲಾದರೂ ಮನೆ ನಂಬರ್ ಅದೇ ಇದ್ದ ಹಾಗೆ. ವಿಂಡೋಸ್‌ಗೆ ಈ ವಿದ್ಯೆ ಗೊತ್ತಿಲ್ಲ. ಹೊಸ ಪ್ರೋಗ್ರಾಂ ಅಂದರೆ ಹೊಸ ಪ್ರೋಸೆಸ್, ಹೊಸ ನಂಬರ್. ಹೆತ್ತ ಪ್ರೋಸೆಸ್ ಮಾತ್ರ ಹಳೇ ನಂಬರ್ ಹಿಡಿದು ಕಾಯುತ್ತಿರುತ್ತದೆ. ಅದಕ್ಕೇ ಸಿಗ್ವಿನ್ ತನ್ನದೇ ಒಂದು ಖಾತೆ ಇಟ್ಟುಕೊಳ್ಳುತ್ತದೆ: ಹೊರಗೆ ತನ್ನ ನಂಬರ್ ಸ್ಥಿರ, ಹಿಂದುಗಡೆ ವಿಂಡೋಸ್ ನಂಬರ್ ಬದಲಾಗುತ್ತಿರಲಿ. 'ಪಿಎಸ್' ಎಂದು ಹೊಡೆದರೆ ಎರಡೂ ಅಕ್ಕಪಕ್ಕ ಕಾಣುತ್ತವೆ, ಪಿಐಡಿ ಮತ್ತು ವಿನ್‌ಪಿಐಡಿ.

ಇದನ್ನು ಬರೆಯಲು ಕಾರಣ ಇಲ್ಲಿನ ಒಂದು ಸಗಟು ಅಂಗಡಿ. ರಾತ್ರಿ ಆರ್‌ಸಿಂಕ್ ಲೆಕ್ಕದ ಫೈಲುಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡುತ್ತದೆ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೂ ಮುಗಿಯದಿದ್ದರೆ ಅದನ್ನು ನಿಲ್ಲಿಸಲು ಯಾರೋ ಹಿಂದೆ ಒಂದು ಬ್ಯಾಚ್ ಫೈಲ್ ಬರೆದುಕೊಟ್ಟಿದ್ದರು. ಅದು ಸಿಗ್ವಿನ್ ನಂಬರನ್ನು ಓದಿ ವಿಂಡೋಸ್‌ನ ಟಾಸ್ಕ್‌ಕಿಲ್‌ಗೆ ಕೊಡುತ್ತಿತ್ತು. ತಿಂಗಳುಗಟ್ಟಲೆ "ಅಂಥ ಪ್ರೋಸೆಸ್ ಇಲ್ಲ" ಎಂಬ ಉತ್ತರ ಬರುತ್ತಿತ್ತು, ಯಾರೂ ನೋಡಲಿಲ್ಲ. ದೀಪಾವಳಿ ವ್ಯಾಪಾರದ ಒಂದು ಬೆಳಿಗ್ಗೆ ಆ ನಂಬರ್ ಬಿಲ್ಲಿಂಗ್ ಪ್ರೋಗ್ರಾಮಿನದ್ದಾಗಿತ್ತು. ಅರ್ಧ ಟೈಪು ಮಾಡಿದ ಬಿಲ್ಲು ಸಮೇತ ಅದು ಸತ್ತಿತು. ಆರ್‌ಸಿಂಕ್ ಆರಾಮಾಗಿ ಓಡುತ್ತಲೇ ಇತ್ತು.

ಪರಿಹಾರ ಸಣ್ಣದು. ಸಿಗ್ವಿನ್ ನಂಬರನ್ನು ಸಿಗ್ವಿನ್‌ನ 'ಕಿಲ್'ಗೇ ಕೊಡಿ. ಅದು ಸಿಗ್ನಲ್ ಕಳಿಸುತ್ತದೆ, ಆರ್‌ಸಿಂಕ್ ತನ್ನ ತಾತ್ಕಾಲಿಕ ಫೈಲು ಅಳಿಸಿ ಹೋಗುತ್ತದೆ. ಟಾಸ್ಕ್‌ಕಿಲ್‌ನ ಬಲವಂತದಲ್ಲಿ ಆ ಅವಕಾಶ ಇಲ್ಲ. ಟಾಸ್ಕ್‌ಕಿಲ್ಲೇ ಬೇಕೆಂದರೆ ಸಿಗ್ವಿನ್‌ನ 'ಪ್ರಾಕ್' ಫೋಲ್ಡರಿನಲ್ಲಿ ಆ ಪಿಐಡಿಯ ಕೆಳಗೆ 'ವಿನ್‌ಪಿಐಡಿ' ಎಂಬ ಫೈಲಿದೆ, ಅದನ್ನು ಓದಿ.

ಇಷ್ಟಾದರೂ ನನಗೆ ಫೈಲಿನಲ್ಲಿ ಬರೆದಿಟ್ಟ ನಂಬರಿನ ಮೇಲೆ ನಂಬಿಕೆ ಕಡಿಮೆ. ಪ್ರೋಸೆಸ್ ಮುಗಿದ ಮೇಲೆ ಅದರ ನಂಬರ್ ಬೇರೆಯವರ ಪಾಲಾಗುತ್ತದೆ. ವಿಂಡೋಸ್‌ನಲ್ಲಿ ಯಾರಾದರೂ ಆ ಪ್ರೋಸೆಸ್ಸಿನ ಹ್ಯಾಂಡಲ್ ಹಿಡಿದಿರುವ ತನಕ ನಂಬರ್ ಕೈಬಿಡುವುದಿಲ್ಲ. ಯೂನಿಕ್ಸ್‌ನಲ್ಲಿ ಹೆತ್ತ ಪ್ರೋಸೆಸ್ ಬಂದು ವಿಚಾರಿಸುವ ತನಕ. ಬ್ಯಾಚ್ ಫೈಲಿನ ಕೈಯಲ್ಲಿ ಇರುವುದು ಬರೀ ಅಂಕಿ. ಹಾಗಾಗಿ ಕೊಲ್ಲುವ ಮುಂಚೆ ಹೆಸರು ಆರ್‌ಸಿಂಕ್ ತಾನೇ ಅಂತ ನೋಡುವ ಒಂದು ಸಾಲು ಸೇರಿಸಿದೆ.

ಸಿಗ್ವಿನ್ ಬಿಟ್ಟು ಡಬ್ಲ್ಯುಎಸ್ಎಲ್ ಹಾಕಬಾರದೇ ಅಂತ ಕೆಲವರು ಕೇಳುತ್ತಾರೆ. ಅದರ ಎರಡನೇ ಆವೃತ್ತಿಯಲ್ಲಿ ನಿಜವಾದ ಲಿನಕ್ಸ್ ಕರ್ನಲ್ಲೇ ಬೇರೆ ವರ್ಚುವಲ್ ಮೆಷಿನ್ನಿನಲ್ಲಿ ಓಡುತ್ತದೆ, ಒಳಗಿನ ಪಿಐಡಿಗಳು ಟಾಸ್ಕ್ ಮ್ಯಾನೇಜರಿಗೆ ಕಾಣುವುದೇ ಇಲ್ಲ. ಒಳ್ಳೆಯದೇ. ಆದರೆ ಆ ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದು ವಿಂಡೋಸ್ 7. ಸೇಠ್‌ಜೀ ಅದನ್ನು ಬದಲಿಸುವ ಮಾತನ್ನು ಪೊಂಗಲ್ ನಂತರಕ್ಕೆ ಮುಂದೂಡಿದ್ದಾರೆ.