ಭೂಮಿ ದಿನ: ಸಸಿ ನೆಟ್ಟರೆ ಸಾಕೇ?

ಎಪ್ರಿಲ್ 22 ಭೂಮಿ ದಿನ. ಸಸಿ ನೆಟ್ಟು, ಪ್ರತಿಜ್ಞೆ ಸ್ವೀಕರಿಸಿ, ಭಾವಚಿತ್ರ ತೆಗೆಸಿಕೊಂಡರೆ ಕರ್ತವ್ಯ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಆದರೆ ಈ ದಿನ ಹುಟ್ಟಿದ್ದು ಸಂಭ್ರಮದಿಂದಲ್ಲ, ಜನರ ಆಕ್ರೋಶದಿಂದ.

1969ರ ಜನವರಿಯಲ್ಲಿ ಅಮೇರಿಕದ ಸಾಂತಾ ಬಾರ್ಬರಾ ಕಡಲಲ್ಲಿ ತೈಲಬಾವಿಯೊಂದು ಸಿಡಿದು ಸಾವಿರಾರು ಹಕ್ಕಿಗಳು ಸತ್ತವು. ಇದರಿಂದ ಕಳವಳಗೊಂಡ ಸೆನೆಟರ್ ಗೇಲಾರ್ಡ್ ನೆಲ್ಸನ್, ವಿಯೆಟ್ನಾಂ ಯುದ್ಧವಿರೋಧಿ ವಿದ್ಯಾರ್ಥಿ ಚಳವಳಿಯ ಮಾದರಿಯಲ್ಲಿ ಪರಿಸರ ಜಾಗೃತಿಗೆ ಕರೆಯಿತ್ತರು. 1970ರ ಎಪ್ರಿಲ್ 22ರಂದು ಸುಮಾರು 2 ಕೋಟಿ ಜನರು ಅದಕ್ಕೆ ಓಗೊಟ್ಟರು.

ಅವರು ಅಷ್ಟಕ್ಕೇ ಸುಮ್ಮನಾಗಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಅದೇ ವರ್ಷದ ಚುನಾವಣೆಯಲ್ಲಿ ಸಂಘಟಕರು 12 ಸಂಸದರನ್ನು ಪರಿಸರವಿರೋಧಿಗಳೆಂದು ಬಹಿರಂಗವಾಗಿ ಹೆಸರಿಸಿದರು. 7 ಮಂದಿ ಸೋತರು. ಡಿಸೆಂಬರ್‌ನಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಶುದ್ಧ ವಾಯು ಕಾಯ್ದೆಗೆ ಅಂಕಿತ ಬಿತ್ತು. 1972ರಲ್ಲಿ ಅಧ್ಯಕ್ಷ ನಿಕ್ಸನ್‌ರ ವೀಟೋವನ್ನೂ ಮೀರಿ ಶುದ್ಧ ಜಲ ಕಾಯ್ದೆ ಜಾರಿಯಾಯಿತು.

1990ರಲ್ಲಿ ಈ ದಿನ 141 ದೇಶಗಳಿಗೆ ಹಬ್ಬಿತು. ಆಚರಣೆ ಬೆಳೆಯಿತು, ಆದರೆ ಆಳುವವರನ್ನು ಪ್ರಶ್ನಿಸುವ ಆ ಧೈರ್ಯವೂ ಜೊತೆಗೆ ಬೆಳೆಯಿತೇ? ನದಿಗೆ ವಿಷ ಹರಿಸಲು ಅನುಮತಿ ಕೊಟ್ಟವರು ಯಾರೆಂದು ಮತ ಕೇಳಲು ಬಂದವರಲ್ಲಿ ವಿಚಾರಿಸದಿದ್ದರೆ, ಎಷ್ಟು ಸಸಿ ನೆಟ್ಟರೂ ಆ ನದಿ ಶುದ್ಧವಾಗದು.